ಬುದ್ಧಿಭ್ರಮಣೆಯ ನಿರ್ಣಯ ಯಾರದು?

ಮನುಷ್ಯನೊಬ್ಬನನ್ನು ಅವನ ಇಚ್ಛೆಗೆ ವಿರೋಧವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸುವುದು ಕೆಲವು ವೇಳೆ ಪ್ರಾಣರಕ್ಷಣೆ; ಕೆಲವು ವೇಳೆ ಸ್ವಾತಂತ್ರ್ಯಹರಣ. ಯಾವುದು ಯಾವುದೆಂಬುದನ್ನು ರೋಗದ ಲಕ್ಷಣಗಳೇ ತೀರ್ಮಾನಿಸುವುವೆಂದು ನಾವು ನಂಬಿರುತ್ತೇವೆ. ಚರಿತ್ರೆಯಾದರೋ ಬೇರೆ ಮಾತನ್ನು ಹೇಳುತ್ತದೆ. ಕೋರಿದವರು ಯಾರು, ಪರೀಕ್ಷಿಸಿದವರು ಯಾರು, ರೋಗಿಯ ಮಾತಿಗೆ ಕಿವಿಗೊಟ್ಟವರು ಯಾರು ಎಂಬುವೂ ಆ ತೀರ್ಮಾನವನ್ನು ರೂಪಿಸುತ್ತವೆ.

ಅಮೆರಿಕಾದ ಇಲಿನಾಯ್ ಸಂಸ್ಥಾನದಲ್ಲಿ ಎಲಿಜಬೆತ್ ಪ್ಯಾಕರ್ಡ್ ಎಂಬಾಕೆ ಆರು ಮಕ್ಕಳ ತಾಯಿ. ಪತಿಯು ಪಾದ್ರಿ, ಆತನ ಮತತತ್ತ್ವಗಳನ್ನು ಆಕೆ ಬಹಿರಂಗವಾಗಿ ಒಪ್ಪದೆ ಹೋದಳು. ೧೮೬೦ರಲ್ಲಿ ಆತನು ಆಕೆಯನ್ನು ಜ್ಯಾಕ್ಸನ್‌ವಿಲ್ಲಿನ ಚಿತ್ತರೋಗಾಲಯಕ್ಕೆ ಸೇರಿಸಿದನು. ಇತರರ ವಿಷಯದಲ್ಲಿ ಸಾಕ್ಷ್ಯವನ್ನು ಬೇಡುತ್ತಿದ್ದ ಅಲ್ಲಿನ ೧೮೫೧ರ ಶಾಸನವು ವಿವಾಹಿತ ಸ್ತ್ರೀಗೆ ಆ ರಕ್ಷಣೆಯನ್ನು ಕೊಟ್ಟಿರಲಿಲ್ಲ. ಪತಿಯ ಕೋರಿಕೆಯೂ ಆಲಯದ ಅಧಿಕಾರಿಯ ಸಮ್ಮತಿಯೂ ಇದ್ದರೆ ಸಾಕಾಗಿತ್ತು. ಮೂರು ವರ್ಷಗಳ ತರುವಾಯ ಹೊರಬಂದ ಆಕೆಯನ್ನು ಪತಿಯು ಮನೆಯಲ್ಲಿಯೇ ಕೂಡಿಹಾಕಿದನು. ವಿಷಯವು ನ್ಯಾಯಾಲಯವನ್ನು ಮುಟ್ಟಿತು. ೧೮೬೪ರ ಜನವರಿಯಲ್ಲಿ ವಿಚಾರಣೆ ನಡೆದಾಗ ಕೆಲವರು ವೈದ್ಯರು ಆಕೆಯ ಮತಾಭಿಪ್ರಾಯಗಳನ್ನೇ ಭ್ರಮೆಯ ಕುರುಹೆಂದರು. ಪಂಚಾಯತರಾದರೋ ಏಳೇ ನಿಮಿಷಗಳಲ್ಲಿ ಆಕೆಯನ್ನು ಸ್ವಸ್ಥಚಿತ್ತಳೆಂದು ಸಾರಿದರು. ಆ ವೇಳೆಗೆ ಪತಿಯು ಮಕ್ಕಳೊಡನೆ ಊರನ್ನು ಬಿಟ್ಟಿದ್ದನು.

ಆಕೆಯ ಪ್ರಯತ್ನದಿಂದ ೧೮೬೭ರಲ್ಲಿ ಪಂಚಾಯತರ ವಿಚಾರಣೆಯಿಲ್ಲದೆ ಯಾರನ್ನೂ ಬಂಧಿಸಬಾರದೆಂಬ ಶಾಸನವಾಯಿತು. ಇದರಲ್ಲಿಯೂ ಕೊರತೆ ಉಂಟೆಂದು ವೈದ್ಯರು ಆಕ್ಷೇಪಿಸಿದರು: ನಿಜವಾಗಿ ನೊಂದವನನ್ನು ಅಪರಾಧಿಯಂತೆ ಜನರ ಮುಂದೆ ನಿಲ್ಲಿಸುವುದು ಕರುಣೆಯೆ? ಈ ಆಕ್ಷೇಪವನ್ನೂ ನಾವು ಅಲ್ಲಗಳೆಯಲಾರೆವು.

ನಮ್ಮ ದೇಶದ ಶಾಸನಗಳೂ ಈ ಇಕ್ಕಟ್ಟಿನಲ್ಲಿಯೇ ದಾರಿಯನ್ನು ಅರಸಿವೆ. ೧೯೧೨ರ ಕಾಯಿದೆಯು ಬಂಧುಗಳ ಅರ್ಜಿಗೆ ಇಬ್ಬರು ವೈದ್ಯರ ಪ್ರಮಾಣಪತ್ರಗಳನ್ನೂ ಮ್ಯಾಜಿಸ್ಟ್ರೇಟರ ಆಜ್ಞೆಯನ್ನೂ ವಿಧಿಸಿತು. ೨೦೧೭ರ ಕಾಯಿದೆಯು ರೋಗದ ಹೆಸರಿಗಿಂತಲೂ ಅಪಾಯವನ್ನು ನೋಡುತ್ತದೆ: ರೋಗಿಯು ತನಗಾಗಲಿ ಪರರಿಗಾಗಲಿ ಹಾನಿಮಾಡುವ ಸಂಭವವುಂಟೆ, ತನ್ನನ್ನು ತಾನು ನೋಡಿಕೊಳ್ಳಲಾರನೆ? ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲ ಅವಧಿಯು ೩೦ ದಿನಗಳನ್ನು ಮೀರಬಾರದು. ರೋಗಿಯು ಪುನರ್ವಿಮರ್ಶಾ ಮಂಡಲಿಗೆ ಮೊರೆಯಿಡಬಹುದು. ಮತಭೇದವಾಗಲಿ ನೀತಿಭೇದವಾಗಲಿ ರೋಗಕ್ಕೆ ಆಧಾರವಾಗಬಾರದೆಂದೂ ಅದು ವಿಧಿಸುತ್ತದೆ.

ಶಾಸನವು ಬಾಗಿಲಿಗೆ ಕಾವಲನ್ನು ಇಡಬಲ್ಲದು. ಆದರೆ ಅರ್ಜಿಗೆ ಸಹಿ ಮಾಡುವ ಕೈ ಬಹುಮಟ್ಟಿಗೆ ಮನೆಯವರದೇ. ದಣಿವು, ಭಯ, ನೆರೆಯವರ ಮಾತು, ಕೆಲವೊಮ್ಮೆ ಆಸ್ತಿಯ ಆಸೆ ಇವೆಲ್ಲವೂ ಆ ಕೈಯನ್ನು ನಡೆಸಬಲ್ಲವು. ನಮ್ಮ ಮನೆಯಲ್ಲಿ ಅಂಥ ದಿನ ಬಂದರೆ, ಸಹಿಗೆ ಮುನ್ನ ರೋಗಿಯ ಮಾತನ್ನು ಒಮ್ಮೆ ಪೂರ್ತಿಯಾಗಿ ಕೇಳುವುದು ನಮ್ಮ ಮೊದಲ ಕರ್ತವ್ಯ.