ಬೆಂಗಳೂರಿಗೆ ಜೀವಕೋಶ ಸಂಶೋಧನೆ ಬಂದ ಬಗೆ

ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಮುಂದೆ ಎಂ.ಎಸ್ಸಿ. ಓದಿ, ಬೆಂಗಳೂರಿನಲ್ಲಿ ಜೀವಕೋಶಗಳ ಬಗ್ಗೆ ಪಿಎಚ್.ಡಿ. ಮಾಡಿದೆ. ಆ ವರ್ಷಗಳಲ್ಲಿ ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಿದ್ದುದು ಒಂದೇ ಮಾತು: “ಇನ್ನೂ ಓದು ಮುಗಿದಿಲ್ವೇನವ್ವಾ?” ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಜಾಗ ಕೊಟ್ಟವರು ಮೈಸೂರು ಅರಸರು. 1933ರಲ್ಲಿ ಮುಂಬಯಿಯ ಕಮಲಾ ಭಾಗವತ್ ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. ಅವರ ಕೆಲಸ ಕಂಡ ಮೇಲೆ ಸಂಸ್ಥೆ ಇತರ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. ಜೀವಕೋಶದ ಉಸಿರಾಟಕ್ಕೆ ಬೇಕಾದ ‘ಸೈಟೋಕ್ರೋಮ್ ಸಿ’ ಸಸ್ಯಗಳಲ್ಲೂ ಇದೆ ಎಂದು ತೋರಿಸಿ, 1939ರಲ್ಲಿ ಅವರು ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದರು. ನನ್ನಂಥವರು ಅಲ್ಲಿ ಪ್ರಯೋಗಾಲಯದ ಬಾಗಿಲು ದಾಟಲು ಅವರ ಹಟವೂ ಕಾರಣ.

ಅದೇ ಸಂಸ್ಥೆಯಲ್ಲಿ ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಮದರಾಸಿನಲ್ಲಿದ್ದಾಗ ಗೋಪಿನಾಥ ಕರ್ತಾ ಅವರೊಡನೆ ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಪ್ರೋಟೀನು ಮೂರೆಳೆ ಹಗ್ಗದಂತೆ ಹೊಸೆದುಕೊಂಡಿದೆ ಎಂದು 1954–55ರಲ್ಲಿ ತೋರಿಸಿದರು. 1971ರಲ್ಲಿ ಬೆಂಗಳೂರಿಗೆ ಮರಳಿ, ಅಣುಗಳ ಮಟ್ಟದಲ್ಲಿ ಜೀವವನ್ನು ಓದುವ ಹೊಸ ವಿಭಾಗ ಕಟ್ಟಿದರು.

ಇನ್ನೊಬ್ಬರು ಒಬೈದ್ ಸಿದ್ದಿಕಿ. ಅವರು ಮೊದಲು ದೆಹಲಿಯಲ್ಲಿ ಗೋಧಿ ತಳಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಆಲಿಕಲ್ಲು ಮಳೆ ಬಿದ್ದು ಪ್ರಯೋಗದ ಬೆಳೆಯೆಲ್ಲ ನಾಶವಾಯಿತು. ಬೆಳೆ ಕಳೆದುಕೊಂಡ ಸಂಕಟ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಅವರು ಕೈಚೆಲ್ಲಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ, ಬೂಷ್ಟಿನ ಜೀನುಗಳ ಮೇಲೆ ಕೆಲಸ ಮಾಡಿ ಪಿಎಚ್.ಡಿ. ಪಡೆದರು. 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದಂತೆ ಮುಂಬಯಿಯಲ್ಲಿ ಆಣ್ವಿಕ ಜೀವವಿಜ್ಞಾನ ಘಟಕ ಆರಂಭಿಸಿದರು. 1990ರ ದಶಕದ ಆರಂಭದಲ್ಲಿ ಅದರಿಂದಲೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಬೆಳೆಯಿತು. ನಮ್ಮ ರೈತರು ಕೃಷಿ ಮೇಳಕ್ಕೆ ಹೋಗುವ ಜಿಕೆವಿಕೆ ಆವರಣದಲ್ಲೇ ಅದು ಇದೆ. ವಾಸನೆ, ರುಚಿಗಳನ್ನು ಮಿದುಳು ಹೇಗೆ ಅರಿಯುತ್ತದೆ ಎಂಬುದನ್ನು ಸಿದ್ದಿಕಿಯವರು ಕೊಳೆತ ಹಣ್ಣಿಗೆ ಮುತ್ತುವ ಪುಟ್ಟ ನೊಣಗಳಲ್ಲಿ ಹುಡುಕಿದರು.

ಪಿಎಚ್.ಡಿ. ಎಂದರೆ ಪುಸ್ತಕ ಬಾಯಿಪಾಠ ಮಾಡುವುದಲ್ಲ. ಯಾರಿಗೂ ಉತ್ತರ ತಿಳಿಯದ ಒಂದು ಪ್ರಶ್ನೆ ಹಿಡಿದು, ಗುರುವಿನ ಜೊತೆ ಐದಾರು ವರ್ಷ ದುಡಿಯುವುದು. ಬಡಗಿಯ ಮಗ ಅಪ್ಪನ ಬಳಿ ಉಳಿ ಹಿಡಿಯಲು ಕಲಿತಂತೆ. ಅದು ಸಂಬಳವಿಲ್ಲದ ಓದೂ ಅಲ್ಲ. ಎಂ.ಎಸ್ಸಿ. ನಂತರ ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ ಗಳಿಸಿ ಸಂಶೋಧನೆಗೆ ಸೇರಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತಿದೆ.

ಕನ್ನಡ ಮಾಧ್ಯಮ ಇದಕ್ಕೆ ಅಡ್ಡಿಯಲ್ಲ. ಮೈಟೋಕಾಂಡ್ರಿಯದ ಚಿತ್ರವನ್ನು ನಾನು ಮೊದಲು ಬಿಡಿಸಿದ್ದು ಇಲ್ಲಿನ ಕರಿಹಲಗೆ ನೋಡಿ, ಕನ್ನಡದಲ್ಲಿ. ಇಂಗ್ಲಿಷನ್ನು ಆಮೇಲೆ ಕಲಿತೆ. ಹೆತ್ತವರಲ್ಲಿ ನನ್ನ ಬಿನ್ನಹ ಇಷ್ಟೇ: ಮಗಳು ಇನ್ನೂ ಓದುತ್ತೇನೆ ಎಂದರೆ ಬೇಡವೆನ್ನಬೇಡಿ.