ಮುಟ್ಟದೆ ಮುಟ್ಟಿದ ಸದ್ದು



ಏಪ್ರಿಲ್ 25 ಬಂದ್ರೆ ನಾನು ವಿದುರಾಶ್ವತ್ಥಕ್ಕೆ ಹೋಗ್ತೀನಿ. 1938ರ ಆ ದಿನ ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಈ ಸಲ ಎರಡು ತಮಟೆ ಜೊತೆಗೆ ಒಯ್ದಿದ್ದೆವು.

ಹಾಡು ಮುಗಿದ ಮೇಲೆ ಮಕ್ಕಳಿಗೊಂದು ಆಟ ತೋರಿಸಿದೆ. ಒಂದು ತಮಟೆಯನ್ನು ಬಕೆಟ್ ಮೇಲೆ ಮಟ್ಟವಾಗಿಟ್ಟು, ಉತ್ತರ ಪಿನಾಕಿನಿ ದಡದ ಸಣ್ಣ ಮರಳು ಉದುರಿಸಿದೆ. ಇನ್ನೊಂದನ್ನು ಅದರ ಪಕ್ಕದಲ್ಲೇ ಹಿಡಿದು ಬಾರಿಸಿದೆವು. ಯಾರೂ ಮುಟ್ಟದ ತಮಟೆಯ ಮೇಲೆ ಮರಳು ಎದ್ದು ಕುಣೀತು! ಕಿವಿ ಕೇಳದ ಒಬ್ಬ ಹುಡುಗ ಆ ಚರ್ಮದ ಮೇಲೆ ಅಂಗೈ ಇಟ್ಟ. ಅವನ ಕಾಲು ತಾಳ ಹಾಕೋಕೆ ಶುರುಮಾಡ್ತು.

ಈ ಮರಳಾಟಕ್ಕೆ ಇತಿಹಾಸ ಇದೆ. ಜರ್ಮನಿಯ ಕ್ಲಾಡ್ನಿ ತಗಡಿನ ಮೇಲೆ ಮರಳು ಹಾಕಿ, ಅಂಚಿಗೆ ಪಿಟೀಲಿನ ಕಮಾನು ಎಳೆದು ಮೂಡಿಸಿದ ಚಿತ್ರಗಳನ್ನು 1787ರಲ್ಲಿ ಪ್ರಕಟಿಸಿದ. ಅದುರೋ ಕಡೆಯಿಂದ ಮರಳು ಓಡಿಹೋಗಿ, ಅದುರದ ಗೆರೆಗಳಲ್ಲಿ ನಿಲ್ಲುತ್ತೆ. 1934ರಲ್ಲಿ, ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಹೀಗೇ ಮೃದಂಗ, ತಬಲಾಗಳ ಕಂಪನವನ್ನು ಮರಳಲ್ಲಿ ತೋರಿಸಿ ಪ್ರಬಂಧ ಬರೆದರು. ನಡುವಿನ ಕರಣೆಯ ಭಾರದಿಂದ ಆ ಚರ್ಮ ಸ್ವರವಾಗಿ ನುಡಿಯುತ್ತೆ ಅಂತ ವಿವರಿಸಿದರು. ದೊಡ್ಡ ಕೆಲಸ.

ತಮಟೆಗೆ ಕರಣೆ ಇಲ್ಲ. ಅದನ್ನು ಹದಕ್ಕೆ ತರೋದು ಬೆಂಕಿ. ತೇವ ಹಿಡಿದ ಚರ್ಮ ಸಡಿಲವಾಗುತ್ತೆ. ಉರಿಗೆ ಕಾಯಿಸಿದರೆ ಬಿಗಿಯಾಗುತ್ತೆ. ಬಿಗಿಯಾದಷ್ಟೂ ಬೇಗ ಅದುರಿ ಸದ್ದು ಏರುತ್ತೆ. ನಮ್ಮ ತಾತ ಬೆರಳಲ್ಲಿ ತಟ್ಟಿ ನೋಡಿ "ಇನ್ನೊಂಚೂರು ಕಾಯ್ಸೋ" ಅನ್ನೋರು. ಇದನ್ನ ಯಾರೂ ವಿಜ್ಞಾನ ಅನ್ನಲಿಲ್ಲ, ಬಿಟ್ಟಿ ಚಾಕರಿ ಅಂದರು. ಸಾವಿಗೆ, ಜಾತ್ರೆಗೆ, ಊರಿಗೆ ಸುದ್ದಿ ಸಾರೋದಕ್ಕೆ ತಾತ ಬೇಕು. ಗುಡಿಯೊಳಕ್ಕೆ ಮಾತ್ರ ಬೇಡ.

ಆದ್ರೆ ಹೊಸ್ತಿಲಾಚೆ ನಿಂತು ತಾತ ಏಟು ಹಾಕಿದರೆ ಒಳಗಿದ್ದವರ ಎದೆಗೂಡು ಅದುರುತ್ತಿತ್ತು. ತಾತನನ್ನು ಮುಟ್ಟದವರನ್ನು ತಾತನ ಸದ್ದು ಪ್ರತಿ ಜಾತ್ರೆಯಲ್ಲೂ ಮುಟ್ಟುತ್ತಿತ್ತು. ಮಡಿ ಅನ್ನೋದು ಎಷ್ಟು ದೊಡ್ಡ ಸುಳ್ಳು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಚಾಕರಿಯ ತಮಟೆಯನ್ನು ಎಷ್ಟೋ ಜನ ಕೆಳಗಿಟ್ಟರು. ಅದೇ ತಮಟೆ ಹೋರಾಟದ ಮೆರವಣಿಗೆಯ ಮುಂದೆ ಬಂತು. ನನ್ನ ಪ್ರಕಾರ ಎರಡೂ ಸರಿ. ಬಾರಿಸಬೇಕಾ ಬೇಡವಾ ಅನ್ನೋ ತೀರ್ಮಾನ ಬಾರಿಸೋನದ್ದಾಗಬೇಕು, ಅಷ್ಟೇ.

2023ರಲ್ಲಿ ನಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ತಮಟೆಗೇ ಬಂತು! ಹೆಮ್ಮೆ ಇದೆ. ಆದರೆ "ಬಂದು ಬಡಿಯೋ" ಅಂತ ಏಕವಚನದಲ್ಲಿ ಕರೆಯೋ ಬಾಯಿ ಇನ್ನೂ ಮುಚ್ಚಿಲ್ಲ.

ಶಿಕ್ಷಕ ಗೆಳೆಯರೇ, ನಿಮ್ಮ ಶಾಲೆಯಲ್ಲಿ ಶಬ್ದದ ಪಾಠ ಬಂದಾಗ ಈ ಮರಳಾಟ ಮಾಡಿ. ತಮಟೆಯನ್ನು ಒಳಗೆ ತನ್ನಿ. ಬಾರಿಸೋರನ್ನೂ ಒಳಗೆ ಕರೆದು, ಕುರ್ಚಿ ಹಾಕಿ ಕೂರಿಸಿ.

ಜೈಭೀಮ್.