ಒಲೆಗೂ ಮಣ್ಣಿಗೂ ನಡುವಿನ ಮರ: ದಿಬ್ಬ ಕೃಷಿಯ ಪ್ರಾಚೀನತೆಯನ್ನು ಕುರಿತು

ಜನಪದ ಜ್ಞಾನವನ್ನು ಕುರಿತ ಬರಹಗಳಲ್ಲಿ ‘ತಲೆತಲಾಂತರದಿಂದ’ ಎಂಬ ಮಾತು ಬಹು ಸುಲಭವಾಗಿ ಬಂದುಬಿಡುತ್ತದೆ. ಒಂದು ಪದ್ಧತಿ ಒಳ್ಳೆಯದೆನಿಸಿದರೆ ಅದು ಹಳೆಯದೂ ಆಗಿರಲೇಬೇಕೆಂದು ಭಾವಿಸುವುದು ನಮ್ಮ ಅಧ್ಯಯನ ಕ್ಷೇತ್ರದ ದೌರ್ಬಲ್ಯಗಳಲ್ಲೊಂದು. ಕೊಳೆಯುವ ಮರವನ್ನು ಹೂತು, ಅದರ ಮೇಲೆ ಮಣ್ಣಿನ ದಿಬ್ಬ ಕಟ್ಟಿ ತರಕಾರಿ ಬೆಳೆಯುವ ಜರ್ಮನ್ ಪದ್ಧತಿಯ ಚರಿತ್ರೆಯು ಈ ದೌರ್ಬಲ್ಯವನ್ನು ಪರಿಶೀಲಿಸಲು ತಕ್ಕ ನಿದರ್ಶನವಾಗಿದೆ.

ಜರ್ಮನ್ ಭಾಷೆಯಲ್ಲಿ ಇದರ ಹೆಸರು ‘ಹ್ಯೂಗಲ್‌ಕುಲ್ಟೂರ್’. ‘ಹ್ಯೂಗಲ್’ ಎಂದರೆ ದಿಬ್ಬ. ‘ಕುಲ್ಟೂರ್’ ಎಂದರೆ ಇಲ್ಲಿ ಕೃಷಿ. ಆಳವಿಲ್ಲದ ಅಗಳು ತೋಡಿ, ತಳದಲ್ಲಿ ದಪ್ಪ ದಿಮ್ಮಿಗಳನ್ನೂ ಅವುಗಳ ಮೇಲೆ ಕೊಂಬೆ, ಪುರುಳೆಗಳನ್ನೂ ಒಟ್ಟುತ್ತಾರೆ. ಹುಲ್ಲುಹೆಂಟೆಗಳನ್ನು ಬೇರು ಮೇಲಾಗುವಂತೆ ಬೋರಲು ಹಾಕಿ, ತರಗೆಲೆ, ಅರೆಕೊಳೆತ ಗೊಬ್ಬರ, ಕೊನೆಗೆ ಮೇಲ್ಮಣ್ಣು ಹೊದಿಸುತ್ತಾರೆ. ಶಿಲೀಂಧ್ರಗಳು ಮರವನ್ನು ಮೆದುವಾಗಿಸಿದಂತೆ ಅದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಕೊಳೆಯುವಿಕೆಯ ಕಾವು ಶೀತಪ್ರದೇಶದ ವಸಂತದಲ್ಲಿ ಬೇರುಗಳಿಗೆ ಅನುಕೂಲವಾಗುತ್ತದೆ. ಆದರೆ ಮರದಲ್ಲಿ ಇಂಗಾಲ ಅತಿಯಾಗಿ, ಸಾರಜನಕ ಕಡಿಮೆಯಾಗಿ ಇರುವುದರಿಂದ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮೊದಮೊದಲು ಸುತ್ತಲ ಮಣ್ಣಿನ ಸಾರಜನಕವನ್ನೇ ಸೆಳೆದುಕೊಳ್ಳುತ್ತವೆ. ವರ್ಷಗಳು ಕಳೆದಂತೆ ದಿಬ್ಬ ಕುಸಿದು ನೆಲಕ್ಕೆ ಸಮೀಪವಾಗುತ್ತದೆ.

ಜರ್ಮನಿ ಹಾಗೂ ಪೂರ್ವ ಯುರೋಪಿನ ರೈತರು ಇದನ್ನು ನೂರಾರು ವರ್ಷಗಳಿಂದ ಅನುಸರಿಸುತ್ತ ಬಂದಿದ್ದಾರೆಂಬುದು ಇಂದು ಪ್ರಚಲಿತವಿರುವ ಹೇಳಿಕೆ. ಲಿಖಿತ ಆಧಾರಗಳು ಹೇಳುವುದು ಬೇರೆ. ಈ ಹೆಸರು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು ಹೆರ್ಮನ್ ಆಂಡ್ರೆ ಎಂಬ ತೋಟಗಾರನ 1962ರ ಕಿರುಹೊತ್ತಗೆಯಲ್ಲಿ. ಅಜ್ಜಿಯ ಹಿತ್ತಿಲ ಮೂಲೆಯಲ್ಲಿದ್ದ ಕಡ್ಡಿಕಸದ ರಾಶಿಯ ಮೇಲೆ ಬಗೆಬಗೆಯ ಗಿಡಗಳು ಹುಲುಸಾಗಿ ಬೆಳೆದಿದ್ದುದು ಅವನಿಗೆ ಪ್ರೇರಣೆಯಾಯಿತು. ರುಡಾಲ್ಫ್ ಸ್ಟೈನರ್ 1924ರಲ್ಲಿ ಕೃಷಿಯನ್ನು ಕುರಿತು ನೀಡಿದ ಉಪನ್ಯಾಸಗಳ ಪ್ರಭಾವವೂ ಸೇರಿತು. ತೋಟದ ಕಸವನ್ನು ಸುಡದೆ ಬಳಸುವ ದಾರಿಯೆಂದೂ ಇದು ಪ್ರಚಾರ ಪಡೆಯಿತು. ಮುಂದೆ ಆಸ್ಟ್ರಿಯದ ಪರ್ವತಪ್ರದೇಶದ ಕೃಷಿಕ ಸೆಪ್ ಹೋಲ್ಜರ್ ತನ್ನ ಕ್ರಾಮೆಟರ್‌ಹೋಫ್ ಕ್ಷೇತ್ರದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ಜಗತ್ತಿಗೆ ಪರಿಚಯಿಸಿದನು.

ಲಿಖಿತ ದಾಖಲೆ ಇಲ್ಲದಿರುವುದೊಂದೇ ಆಚರಣೆ ಇರಲಿಲ್ಲವೆಂಬುದಕ್ಕೆ ಪ್ರಮಾಣವಾಗದು; ಜಾನಪದ ವಿದ್ಯಾರ್ಥಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಕೇಳಬೇಕು: ಹೂಳಲು ಮರ ಯಾರ ಬಳಿ ಇತ್ತು? ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಕಾಡಿನಲ್ಲಿ ಬಿದ್ದ ಒಣಕಟ್ಟಿಗೆಯನ್ನು ಆಯ್ದುಕೊಳ್ಳುವುದು ಬಡವರ ರೂಢಿಗತ ಹಕ್ಕಾಗಿತ್ತು. ರೈನ್ ಪ್ರಾಂತ್ಯದ ಶಾಸನಸಭೆ ಅದನ್ನು ಕಳ್ಳತನವೆಂದು ಪರಿಗಣಿಸಹೊರಟಾಗ, ಯುವಕ ಕಾರ್ಲ್ ಮಾರ್ಕ್ಸ್ 1842ರಲ್ಲಿ ‘ರೈನಿಷೆ ತ್ಸೈಟುಂಗ್’ ಪತ್ರಿಕೆಯಲ್ಲಿ ಅದನ್ನು ಖಂಡಿಸಿ ಲೇಖನಮಾಲೆ ಬರೆದನು. ಬಿದ್ದ ಕಡ್ಡಿಗೂ ದಂಡ ತೆರಬೇಕಾದ ಸಮಾಜದಲ್ಲಿ ರೈತನು ದಿಮ್ಮಿಗಳನ್ನು ಮಣ್ಣಿನಲ್ಲಿ ಹೂತು ಕೊಳೆಯಬಿಡುವುದು ಸಾಮಾನ್ಯ ಪದ್ಧತಿಯಾಗಿದ್ದಿತೆಂದು ನಂಬುವುದು ಕಷ್ಟ. ಉರಿಸಲು ಬಾರದ ಲಡ್ಡು ಮರ ಅಲ್ಲೊಂದು ಇಲ್ಲೊಂದು ಹಿತ್ತಿಲಿನ ಮಣ್ಣು ಸೇರಿದ್ದಿರಬಹುದು. ಆದರೆ ಅದು ಒಂದು ಕೃಷಿಪದ್ಧತಿಯಾಗಿ ರೂಪುಗೊಳ್ಳಬೇಕಾದರೆ ಒಲೆಗೆ ಕಟ್ಟಿಗೆ ಬೇಡವಾದ ಕಾಲ ಬರಬೇಕಾಗಿತ್ತು. ಕಲ್ಲಿದ್ದಲು, ಅನಿಲ, ವಿದ್ಯುತ್ತು ಒಲೆಯನ್ನು ಆಕ್ರಮಿಸಿದ ಮೇಲೆಯೇ ಕಟ್ಟಿಗೆ ಕಸವಾಯಿತು. ಕಸವಾದ ಮೇಲೆಯೇ ಅದು ಗೊಬ್ಬರವಾಯಿತು ಎಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ಕರ್ನಾಟಕದ ನಿದರ್ಶನಗಳು ಪುಷ್ಟೀಕರಿಸುತ್ತವೆ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನ ಬೆಟ್ಟಗಳಿಂದ ಬಂದ ಹಸಿರು ಸೊಪ್ಪು ಮತ್ತು ದರಕು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿ ಗಂಜಲದೊಡನೆ ಬೆರೆತು ತೋಟಕ್ಕೆ ಹೋಗುತ್ತಿತ್ತು. ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯು ಈ ಸವಲತ್ತನ್ನು 1 ಎಕರೆ ತೋಟಕ್ಕೆ 9 ಎಕರೆವರೆಗಿನ ಬೆಟ್ಟವೆಂದು ಅಳತೆಗೊಳಪಡಿಸಿತು. ಇಲ್ಲಿ ಎಲೆ ಮಣ್ಣಿಗೆ, ಸೌದೆ ಒಲೆಗೆ. ಸೌದೆಯು ಬೂದಿಯಾಗಿಯೇ ಮಣ್ಣಿಗೆ ಮರಳುತ್ತಿತ್ತು. ಕರಾವಳಿಯ ‘ಸುಡುಮಣ್ಣು’ ಇನ್ನೂ ಗಮನಾರ್ಹವಾದುದು. ತರಗೆಲೆ, ಸಣ್ಣ ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ರಾಶಿ ಮಾಡುವವರೆಗೆ ಅದು ಜರ್ಮನ್ ದಿಬ್ಬದ ತಮ್ಮನಂತೆಯೇ ತೋರುತ್ತದೆ. ಆದರೆ ಇಲ್ಲಿ ರಾಶಿಗೆ ಬೆಂಕಿಯಿಟ್ಟು, ಹೊಗೆಯಾಡುತ್ತ ನಿಧಾನವಾಗಿ ಬೇಯಲು ಬಿಡುತ್ತಾರೆ. ಬೆಂದ ಮಣ್ಣು ತರಕಾರಿ ಬುಡಗಳಿಗೆ ಹೋಗುತ್ತದೆ. ಅಲ್ಲಿ ಕೊಳೆತ, ಇಲ್ಲಿ ಸುಡುವಿಕೆ. ಎರಡರಲ್ಲೂ ದಪ್ಪ ಸೌದೆಯ ಗತಿಯನ್ನು ನಿರ್ಧರಿಸಿದುದು ಒಲೆಯೇ.

ತೆಂಗಿನ ಸಾಲುಗಳ ನಡುವೆ ಕಾಯಿಸಿಪ್ಪೆಯನ್ನು ಕುಳಿಭಾಗ ಮೇಲಾಗುವಂತೆ ಜೋಡಿಸಿ ಹೂಳುವ ಕ್ರಮವೂ ನಮ್ಮಲ್ಲಿದೆ. ಹೂತ ಸಿಪ್ಪೆ ಮಳೆಯ ನೀರನ್ನು ಹಿಡಿದು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ, ತತ್ತ್ವ ಒಂದೇ. ಆದರೆ ಇದರಿಂದ ‘ಹ್ಯೂಗಲ್‌ಕುಲ್ಟೂರ್ ನಮ್ಮ ಹಿರಿಯರಿಗೂ ಗೊತ್ತಿತ್ತು’ ಎಂಬ ತೀರ್ಮಾನಕ್ಕೆ ಜಿಗಿಯುವುದು ಅಲ್ಲಿನವರು ಮಾಡಿದ ತಪ್ಪನ್ನೇ ಕನ್ನಡದಲ್ಲಿ ಮಾಡಿದಂತಾಗುತ್ತದೆ. ಹಾಗೆ ಮಾಡಿದಾಗ ನಷ್ಟವಾಗುವುದು ನಮಗೇ. ಸೊಪ್ಪಿನ ಬೆಟ್ಟದಲ್ಲಿದ್ದುದು ಕೇವಲ ಗೊಬ್ಬರದ ತಂತ್ರವಲ್ಲ; ಯಾವ ಬೆಟ್ಟ ಯಾರದು, ಯಾವ ಮರದ ಸೊಪ್ಪನ್ನು ಎಷ್ಟು ಕಡಿಯಬೇಕು, ಯಾವಾಗ ಬಿಡಬೇಕು ಎಂಬ ಹಕ್ಕು ಮತ್ತು ಹೊಣೆಯ ವ್ಯವಸ್ಥೆ. ತಂತ್ರವನ್ನಷ್ಟೇ ಹೆಕ್ಕಿ ‘ಪರಂಪರೆ’ ಎಂದು ಹಣೆಪಟ್ಟಿ ಹಚ್ಚಿದರೆ ಈ ವ್ಯವಸ್ಥೆ ನಮ್ಮ ಕಣ್ಣಿಂದ ಮರೆಯಾಗುತ್ತದೆ.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ತರುವಾಯ ನಮ್ಮ ಹಳ್ಳಿಗಳ ಒಲೆಯೂ ಬದಲಾಗುತ್ತಿದೆ. ಬಚ್ಚಲ ಹಂಡೆಗೆ ಸೌದೆ ಬೇಕಾದರೂ ಅಡುಗೆಮನೆಗೆ ಮೊದಲಿನಷ್ಟು ಬೇಡ. ನಾಳೆ ನಮ್ಮ ತೋಟಗಳಲ್ಲೂ ಮರ ಹೂತ ದಿಬ್ಬಗಳು ಏಳಬಹುದು. ಏಳಲಿ, ಒಳ್ಳೆಯದೆನಿಸಿಕೊಳ್ಳಲು ಅವು ಪ್ರಾಚೀನವಾಗಿರಬೇಕಾಗಿಲ್ಲ. ಆದರೆ ಅವುಗಳನ್ನು ದಾಖಲಿಸಹೋಗುವ ಕ್ಷೇತ್ರಕಾರ್ಯಕರ್ತನು ‘ಇದು ಎಷ್ಟು ತಲೆಮಾರಿನದು?’ ಎಂದು ಕೇಳುವ ಮೊದಲು, ಮನೆಯ ಹಿರಿಯ ಹೆಂಗಸನ್ನು ‘ಅಮ್ಮಾ, ನಿಮ್ಮ ಒಲೆಗೆ ಏನು ಉರಿಸುತ್ತಿದ್ದಿರಿ?’ ಎಂದು ಕೇಳುವುದು ಲೇಸು. ಮಣ್ಣಿನ ಚರಿತ್ರೆಯ ಅರ್ಧ ಆ ಉತ್ತರದಲ್ಲಿದೆ.